ವಿಮಾನಕ್ಕೆ ಅಂಜದ ಕೂಸು

ಯಲಹಂಕದಲ್ಲಿ ಹುಟ್ಟಿ ಬೆಳೆದವರಿಗೆ ಒಂದು ಅಭ್ಯಾಸವಿದೆ. ಮಾತಾಡುತ್ತಿರುವಾಗ ತಲೆಯ ಮೇಲೆ ವಿಮಾನ ಬಂದರೆ ಬಾಯಿ ಮುಚ್ಚುತ್ತೇವೆ. ಅದು ದಾಟಿದ ಮೇಲೆ ಬಿಟ್ಟ ಪದದಿಂದಲೇ ಮತ್ತೆ ಶುರು ಮಾಡುತ್ತೇವೆ. ವಾಯುಪಡೆಯ ನೆಲೆ ಪಕ್ಕದಲ್ಲೇ ಇದ್ದರೆ ಇನ್ನೇನು ಮಾಡೋದು? ನಮ್ಮಮ್ಮ ನನ್ನನ್ನು ಬೈಯುವಾಗಲೂ ಹೀಗೇ. ಅರ್ಧ ಬೈಗುಳಕ್ಕೆ ವಿಮಾನ ಬಂತೆಂದರೆ ಸೌಟು ಎತ್ತಿ ಹಿಡಿದು ಕಾಯುತ್ತಿದ್ದರು. ಮಿಕ್ಕಿದ್ದನ್ನು ಆಮೇಲೆ ಬಡ್ಡಿ ಸಮೇತ ತೀರಿಸುತ್ತಿದ್ದರು. ಹೊಸದಾಗಿ ಮದುವೆಯಾಗಿ ಬಂದ ಸೊಸೆಯಂದಿರು ಬೆಚ್ಚಿಬೀಳುವುದನ್ನು ನೋಡಿ ಹಳೇ ಊರಿನ ಹೆಂಗಸರು ನಗುತ್ತಿದ್ದರು. ನಮ್ಮೂರ ಮಕ್ಕಳು ವಿಮಾನಕ್ಕೆ ಹೆದರಲ್ಲ ಅನ್ನುವುದು ನಮಗೆಲ್ಲ ಒಂದು ಜಂಬ.

ಈಗಲೂ ಚಳಿಗಾಲ ಮುಗಿಯುವ ಹೊತ್ತಿಗೆ, ವೈಮಾನಿಕ ಪ್ರದರ್ಶನಕ್ಕೆಂದು ಯುದ್ಧವಿಮಾನಗಳು ತಾಲೀಮು ಶುರುಮಾಡಿದಾಗ, ನನಗೆ ಪಕ್ಕದ ಅಟ್ಟೂರಿನ ಒಂದು ಬಾಡಿಗೆ ಮನೆ ನೆನಪಾಗುತ್ತದೆ. ಆ ಮನೆಯ ಕೌದಿ, ಕೌದಿಯ ಮೇಲೆ ಗಿಲಕಿ ಅಲ್ಲಾಡಿಸುತ್ತ ಮಲಗಿದ್ದ ಕೂಸು, ಅದರ ಅಜ್ಜಿ. ನೆನಪಾದಾಗಲೆಲ್ಲ ನಗು ಬರುತ್ತದೆ.

ನಾನು ಮಕ್ಕಳ ಫಿಸಿಯೋಥೆರಪಿಸ್ಟ್. ಕತ್ತು ನಿಲ್ಲದ, ಕೂರಲು ಬಾರದ, ಹೆಜ್ಜೆ ಇಡಲು ತಡವಾದ ಮಕ್ಕಳ ಜೊತೆ ನೆಲದ ಮೇಲೆ ಉರುಳಾಡುವುದೇ ನನ್ನ ಕೆಲಸ. ಆಗ ಸ್ಕೂಟರಿನಲ್ಲಿ ಮನೆಮನೆಗೆ ಹೋಗುತ್ತಿದ್ದೆ. ನ್ಯೂ ಟೌನಿನ ಮಕ್ಕಳ ಡಾಕ್ಟರೊಬ್ಬರು ಫೋನ್ ಮಾಡಿ, “ಏಳು ತಿಂಗಳ ಹೆಣ್ಣುಮಗು, ಇನ್ನೂ ಕತ್ತು ಸರಿಯಾಗಿ ನಿಂತಿಲ್ಲ. ಸ್ಕ್ಯಾನಲ್ಲಿ ಏನೂ ತೊಂದರೆ ಕಾಣ್ತಿಲ್ಲ. ನೀವು ಸ್ವಲ್ಪ ಕೈ ಹಾಕಿ ನೋಡಿ” ಎಂದರು.

ಮಗುವಿನ ಮನೆಯವರು ಉತ್ತರ ಕರ್ನಾಟಕದ ವಿಜಯಪುರದ ಕಡೆಯವರು. ಅಪ್ಪನಿಗೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ. ಕೂಸು ಹುಟ್ಟಿದ್ದು ತಾಯಿಯ ತವರಿನಲ್ಲಿ, ಸಣ್ಣ ಊರಿನ ಸಣ್ಣ ಆಸ್ಪತ್ರೆಯಲ್ಲಿ. ಬಾಣಂತನ ಮುಗಿಸಿ ಇಲ್ಲಿಗೆ ಬಂದಾಗ ಜೊತೆಗೆ ಗಂಡನ ತಾಯಿಯೂ ಬಂದಿದ್ದರು. ಅವರನ್ನು ಮನೆಯವರೆಲ್ಲ ಆಯಿ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ನನ್ನನ್ನು ಬಾಯಾರ ಅಂದರು. ಅವರ ಕಡೆ ಡಾಕ್ಟರಮ್ಮಂದಿರನ್ನು ಹಾಗೆ ಕರೆಯುತ್ತಾರಂತೆ. ನಾನು ಡಾಕ್ಟರಲ್ಲ ಎಂದು ಹೇಳಿ ನೋಡಿದೆ. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ.

ಮೊದಲ ದಿನ ನನಗೆ ಕೂಸೇ ಕಾಣಲಿಲ್ಲ, ಬರೀ ಬಟ್ಟೆ ಕಂಡಿತು. ತಲೆಗೆ ಆಯಿ ಕೈಯಾರೆ ಹೊಲಿದ ಕುಂಚಿಗೆ. ಅದು ಹಣೆ, ಕಿವಿ, ಕತ್ತು ಎಲ್ಲವನ್ನೂ ಮುಚ್ಚಿ ಬೆನ್ನ ಮೇಲೆ ಇಳಿಬಿದ್ದಿತ್ತು. ಎರಡೂ ಕಿವಿಗೆ ಹತ್ತಿ. ಕೆಳಗೆ ಹಳೇ ಸೀರೆಗಳನ್ನು ಪದರ ಪದರ ಸೇರಿಸಿ ಹೊಲಿದ ದಪ್ಪ ಕೌದಿ. ಇಷ್ಟೆಲ್ಲದರ ನಡುವೆ ಎರಡು ದೊಡ್ಡ ಕಣ್ಣು ನನ್ನನ್ನೇ ನೋಡುತ್ತಿದ್ದವು.

“ಯಲಹಂಕದ ಥಂಡಿ ಅಂದ್ರ ಏನ್ರಿ ಬಾಯಾರ! ಗಾಳಿ ಕಿವ್ಯಾಗ ಹೊಕ್ಕರ ಕೂಸು ಉಳಿತೈತೇನ್ರಿ?” ಎಂದರು ಆಯಿ.

ನಾನು ನನ್ನ ಪರೀಕ್ಷೆ ಶುರು ಮಾಡಿದೆ. ಅಂಗಾತ ಮಲಗಿಸಿ ಎರಡೂ ಕೈ ಹಿಡಿದು ನಿಧಾನವಾಗಿ ಎತ್ತಿದರೆ ಏಳು ತಿಂಗಳ ಮಗು ತಲೆಯನ್ನು ತಾನೇ ಮುಂದಕ್ಕೆ ತರಬೇಕು. ಇವಳ ತಲೆ ಹಿಂದೆಯೇ ಉಳಿಯಿತು. ಬೋರಲು ಮಲಗಿಸಿದರೆ ಮೊಣಕೈ ಊರಿ ಎದೆ ಎತ್ತಬೇಕು. ಇವಳು ಒಂದು ಗಳಿಗೆ ಎತ್ತಿ ಮೂಗು ಊರಿದಳು. ಕೂರಿಸಿ ಕೈಬಿಟ್ಟರೆ ಪಕ್ಕಕ್ಕೆ ವಾಲಿದಳು. ಆದರೆ ಕೈಗಳು? ಅಬ್ಬಾ, ಆ ಕೈಗಳು! ಗಿಲಕಿ ತೋರಿಸಿದ ಕೂಡಲೇ ಗಬಕ್ಕನೆ ಹಿಡಿದಳು, ಈ ಕೈಯಿಂದ ಆ ಕೈಗೆ ದಾಟಿಸಿದಳು, ತಿರುಗಿಸಿ ನೋಡಿ ಬಾಯಿಗಿಟ್ಟಳು. ನನ್ನ ಕೆಂಪು ಓಲೆ ಹೋದಲ್ಲೆಲ್ಲ ಕಣ್ಣು ಬಂತು. ನಕ್ಕರೆ ನಕ್ಕಳು, ಹುಬ್ಬು ಗಂಟಿಕ್ಕಿದರೆ ತುಟಿ ಉಬ್ಬಿಸಿದಳು. ಬುದ್ಧಿಗೆ ಏನೂ ಕೊರತೆ ಇರಲಿಲ್ಲ. ಮೈ ಮಾತ್ರ ಎಲ್ಲಿ ನಿಲ್ಲಬೇಕು ಅನ್ನುವುದು ತಿಳಿಯದೆ ತಡವರಿಸುತ್ತಿತ್ತು.

ಅಷ್ಟರಲ್ಲಿ ತಾಲೀಮಿನ ವಿಮಾನಗಳು ಬಂದವು. ಕಿಟಕಿಯ ಗಾಜು ಗಡಗಡ ಎಂದಿತು. ತಾಯಿ ಹೇಳುತ್ತಿದ್ದ ಮಾತು ನಿಲ್ಲಿಸಿ ಸೆರಗು ಹಿಡಿದುಕೊಂಡರು. ಆಯಿ ಎರಡೂ ಕಿವಿ ಮುಚ್ಚಿಕೊಂಡು ಕಣ್ಣು ಕಿರಿದು ಮಾಡಿದರು. ನಾನೂ ಅಭ್ಯಾಸಬಲದಿಂದ ಸುಮ್ಮನಾದೆ. ಕೂಸು ಗಿಲಕಿ ಚೀಪುತ್ತಲೇ ಇತ್ತು.

ಸದ್ದು ಅಡಗಿದ ಮೇಲೆ ಆಯಿಯ ಮುಖ ಅರಳಿತು. “ನೋಡಿದ್ರಿ? ನಾ ಇಷ್ಟ ವಯಸ್ಸಿನಾಕಿ, ಎದಿ ಧಸಕ್ ಅಂತೈತಿ. ಇದು ಅಂಜೂದಿಲ್ರಿ! ಹುಲಿ ಐತಿ ಹುಲಿ.”

“ನಮ್ಮೂರ ನೀರು ಕುಡಿದ್ಳಲ್ಲ ಆಯಿ, ನಮ್ಮೂರೋಳೇ ಆದ್ಳು ಬಿಡಿ” ಎಂದು ನಾನೂ ನಕ್ಕೆ.

ವಾರಗಳು ಹೋದವು. ಎದೆಯ ಕೆಳಗೆ ಟವೆಲ್ ಸುರುಳಿ ಇಟ್ಟು ಬೋರಲು ಮಲಗಿಸುವುದು, ನನ್ನ ತೊಡೆಯ ಮೇಲೆ ಕೂರಿಸಿ ನಿಧಾನವಾಗಿ ಈ ಕಡೆ ಆ ಕಡೆ ವಾಲಿಸುವುದು, ದೊಡ್ಡ ಚೆಂಡಿನ ಮೇಲೆ ಮಲಗಿಸಿ ಮುಂದೆ ಹಿಂದೆ ಉರುಳಿಸುವುದು. ವಾಲಿಸಿದಾಗ ಮಗುವಿನ ತಲೆ ತಾನಾಗಿ ನೆಟ್ಟಗಾಗಬೇಕು. ಅದನ್ನು ಯಾರೂ ಕಲಿಸುವುದಿಲ್ಲ, ಅದು ಒಳಗಿನಿಂದಲೇ ಬರುತ್ತದೆ. ಇವಳಿಗೆ ಕೆಲವು ದಿನ ಬರುತ್ತಿತ್ತು, ಕೆಲವು ದಿನ ಬರುತ್ತಿರಲಿಲ್ಲ. ಯಾಕೆ ಅನ್ನುವುದು ನನಗೆ ಬಗೆಹರಿಯಲಿಲ್ಲ. ತಾಯಿ ಪಾಪ, ನಾನು ಹೇಳಿದ್ದನ್ನೆಲ್ಲ ಒಂದೂ ತಪ್ಪದೆ ಮಾಡಿಸುತ್ತಿದ್ದರು. “ಮೇಡಂ, ಬ್ಯಾರೆ ಮಕ್ಕಳು ಕುಂಡ್ರತಾವ್ರಿ ಈ ವಯಸ್ಸಿಗೆ” ಎಂದು ಒಂದೊಂದು ದಿನ ಕಣ್ಣು ತುಂಬಿಕೊಳ್ಳುತ್ತಿದ್ದರು. ನಾನು ಬಾಯಿಮಾತಿನ ಸಮಾಧಾನ ಹೇಳಿ ಮತ್ತೆ ಚೆಂಡು ಉರುಳಿಸುತ್ತಿದ್ದೆ.

ಒಂದು ಬೆಳಿಗ್ಗೆ ತೊಡೆಯ ಮೇಲೆ ಕೂರಿಸಿಕೊಂಡಿದ್ದೆ. ಅಂದು ಚೆನ್ನಾಗಿಯೇ ಕೂತಿದ್ದಳು, ಕಿಟಕಿಯ ಹೊರಗಿನ ಒಣಹಾಕಿದ ಬಟ್ಟೆಯನ್ನು ದಿಟ್ಟಿಸುತ್ತಿದ್ದಳು. ನಾನು ವಾಲಿಸಿದೆ, ತಲೆ ನೆಟ್ಟಗೇ ನಿಂತಿತು. ಇನ್ನೊಮ್ಮೆ ವಾಲಿಸುವಾಗ ಕುಂಚಿಗೆ ಜಾರಿ ಕಣ್ಣ ಮೇಲೆ ಬಿತ್ತು. ತಕ್ಷಣ ತಲೆ ತೂಗಿ ಭುಜಕ್ಕೆ ಬಿತ್ತು. ಕುಂಚಿಗೆ ಸರಿಸಿದೆ, ತಲೆ ಎದ್ದಿತು. ಬೇಕೆಂದೇ ಅಂಗೈಯಿಂದ ಕಣ್ಣು ಮರೆಮಾಡಿದೆ, ಮತ್ತೆ ಬಿತ್ತು.

ಮೈಯ ಸಮತೋಲನಕ್ಕೆ ಕಣ್ಣು ಬೇಕು, ಕೀಲು ಸ್ನಾಯುಗಳ ಅರಿವು ಬೇಕು, ಎಲ್ಲಕ್ಕಿಂತ ಮೊದಲು ಕಿವಿಯ ಒಳಗಿರುವ ಸಮತೋಲನದ ಅಂಗ ಬೇಕು. ಈ ಕೂಸು ಬರೀ ಕಣ್ಣಿನಿಂದಲೇ ತಲೆಯನ್ನು ನಿಲ್ಲಿಸಿಕೊಂಡಿತ್ತು. ಒಳಗಿವಿಯಲ್ಲಿ ಆ ಅಂಗಕ್ಕೆ ಅಂಟಿಕೊಂಡೇ ಇರುವುದು ಕೇಳುವ ಅಂಗ. ಒಂದು ಕೆಟ್ಟಿದ್ದರೆ ಇನ್ನೊಂದು?

ಅದೇ ಹೊತ್ತಿಗೆ ಮೇಲೆ ವಿಮಾನ ಬಂತು. ತಾಯಿ ಮಾತು ನಿಲ್ಲಿಸಿದರು, ಅಡುಗೆಮನೆಯಲ್ಲಿ ಆಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು, ನಾನು ಉಸಿರನ್ನೇ ನಿಲ್ಲಿಸಿದೆ. ಕೂಸು ಗಿಲಕಿಯಿಂದ ನನ್ನ ಮೊಣಕಾಲಿಗೆ ಬಡಿಯುತ್ತಲೇ ಇತ್ತು. ಆಗ ನನಗೆ ಹೊಳೆಯಿತು. ನಮ್ಮೂರ ಮಕ್ಕಳು ಹೆದರುವುದಿಲ್ಲ ನಿಜ. ಆದರೆ ನಿಲ್ಲಿಸುತ್ತವೆ. ಹಾಲು ಕುಡಿಯುವ ಎಳೆಗೂಸು ಕೂಡ ಒಂದು ಕ್ಷಣ ಹೀರುವುದನ್ನು ಬಿಟ್ಟು ಕಣ್ಣರಳಿಸಿ, ಆಮೇಲೆ ಮುಂದುವರಿಸುತ್ತದೆ. ಹೆದರದೇ ಇರುವುದು ಬೇರೆ, ಗೊತ್ತೇ ಆಗದಿರುವುದು ಬೇರೆ. ಆ ಮನೆಯಲ್ಲಿ ನಿಲ್ಲಿಸದೆ ಇದ್ದದ್ದು ಆ ಕೂಸೊಂದೇ.

ಆದರೆ ಇದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಕಿವಿಗೆ ಹತ್ತಿ ಇದೆ, ಮೇಲೆ ಕುಂಚಿಗೆ ಇದೆ, ಇನ್ನೆಲ್ಲಿ ಕೇಳಿಸುತ್ತೆ ಎಂದು ಆಯಿ ಅಂದರೆ ಮುಗಿಯಿತು. ಅದಕ್ಕೇ ಮೊದಲು ಅವೆರಡನ್ನೂ ತೆಗೆಯಬೇಕಿತ್ತು. “ಆಯಿ, ನಾಲ್ಕು ದಿನ ಹತ್ತಿ ಬೇಡ, ಮನೆ ಒಳಗೆ ಕುಂಚಿಗೇನೂ ಬೇಡ. ಕತ್ತಿನ ಕಸರತ್ತಿಗೆ ಅಡ್ಡ ಬರುತ್ತೆ” ಎಂದೆ. ಆಯಿ ಒಪ್ಪಲು ಒಂದು ಗಂಟೆ ಹಿಡಿಯಿತು. ಎರಡನೇ ದಿನವೇ ಕೂಸಿಗೆ ನೆಗಡಿ ಬಂತು!

ನಾನು ಹೋದಾಗ ಆಯಿ ಬಾಗಿಲಲ್ಲೇ ನಿಂತಿದ್ದರು. “ಬರ್ರಿ ಬಾಯಾರ, ನೋಡ್ರಿ ನೀವ್ ಮಾಡಿದ್ದು! ಮೂಗು ಹೆಂಗ ಸೋರಾಕತ್ತೈತಿ. ನಾ ಐದ ಮಕ್ಕಳ್ನ ಸಾಕೀನಿ, ಯಾರ ಕಿವ್ಯಾಗೂ ಗಾಳಿ ಹೋಗಗೊಟ್ಟಿಲ್ಲ.” ನೆಗಡಿ ಇದ್ದರೆ ಕಿವಿ ಕಟ್ಟಿರುತ್ತದೆ, ಆಗ ಏನು ನೋಡಿದರೂ ಲೆಕ್ಕಕ್ಕಿಲ್ಲ. ಆದರೂ ಅಂದು ಮನಸ್ಸು ತಡೆಯದೆ, ಕಿವಿಯ ಬಗ್ಗೆ ನನಗೆ ಅನುಮಾನವಿದೆ ಎಂದು ಹೇಳಿಯೇಬಿಟ್ಟೆ. ತಾಯಿಯ ಮುಖ ಬಿಳುಚಿತು. ಆಯಿ ಕೆಂಡವಾದರು.

“ಏನಂತೀರಿ? ಕಿವುಡ ಅಂತೀರಿ ನನ್ನ ಕೂಸಿಗಿ? ನಾ ಹಾಡಿದ್ರ ಸಾಕು, ಕಣ್ಣು ಮುಚ್ಚಿ ಮಲಗತೈತಿ. ಕಿವಿ ಕೇಳದ ಕೂಸು ಜೋಗುಳಕ್ಕ ಮಲಗತೈತೇನ್ರಿ? ಹೇಳ್ರಿ ಮತ್ತ!”

ನಿಜಕ್ಕೂ ಮಲಗುತ್ತಿತ್ತು, ನಾನೇ ನೋಡಿದ್ದೆ. ಆಯಿ ಎದೆಗವುಚಿಕೊಂಡು ಹಾಡಿದರೆ ಎಂಥ ಅಳುವೂ ನಿಲ್ಲುತ್ತಿತ್ತು.

ಸಂಜೆ ತಾಯಿ ಫೋನ್ ಮಾಡಿದರು, ದನಿ ತಗ್ಗಿಸಿ. “ಮೇಡಂ, ಅತ್ತಿ ಭಾಳ ಸಿಟ್ಟಾಗ್ಯಾರ್ರಿ. ಬರೂ ವಾರ ಊರಿಗಿ ಹೊಂಟೀವಿ. ಕೂಸಿನ ಜವಳ ಐತಿ, ದೇವರ ಮುಂದ ಕೂದ್ಲ ತಗಸಬೇಕು, ಕಿವಿ ಚುಚ್ಚಸೂದೈತಿ. ಎಲ್ಲಾ ಮುಗಿಸ್ಕೊಂಡು ಬ್ಯಾಸಗಿ ಕಳದು ಬರ್ತೀವಿ. ಬಂದಮ್ಯಾಲ ನೋಡೂಣು ಅಂತಾರ.”

ಬೇಸಿಗೆ ಕಳೆದು ಅಂದರೆ ಕೂಸಿಗೆ ವರ್ಷವಾಗಿರುತ್ತಿತ್ತು. ಮಾತು ಬರುವುದಕ್ಕೆ ಮೊದಲು ಮಾತು ಕೇಳಬೇಕು. ಮಿದುಳು ಸದ್ದುಗಳನ್ನು ಆಯ್ದಿಟ್ಟುಕೊಳ್ಳುವ ಕೆಲಸ ಮೊದಲ ವರ್ಷದಲ್ಲೇ ಭರದಿಂದ ನಡೆಯುತ್ತದೆ. ಏಳೆಂಟು ತಿಂಗಳಿಗೆ ಮಕ್ಕಳು ಬಬ್ಬಬ್ಬ, ದದ್ದದ್ದ ಅನ್ನಲು ಶುರುಮಾಡುತ್ತವೆ. ಇವಳು ಆ, ಊ ಅನ್ನುವುದನ್ನು ದಾಟಿರಲಿಲ್ಲ. ಈಗೀಗ ಅದೂ ಕಡಿಮೆಯಾಗಿತ್ತು. ಅವರು ಹೋಗಲಿ ಬಿಡು, ನನ್ನನ್ನು ಕರೆದದ್ದು ಕತ್ತಿಗೆ, ಕಿವಿಗಲ್ಲ ಅಂದುಕೊಂಡರೆ ನನ್ನನ್ನು ಯಾರೂ ತಪ್ಪು ಅನ್ನುತ್ತಿರಲಿಲ್ಲ. ಆದರೆ ಬಿಡಲಾಗಲಿಲ್ಲ. ಆಯಿಯ ಪ್ರಶ್ನೆಯೇ ತಲೆಯಲ್ಲಿ ಕೊರೆಯುತ್ತಿತ್ತು: ಜೋಗುಳಕ್ಕೆ ಹೇಗೆ ಮಲಗುತ್ತದೆ?

ಅವರು ಊರಿಗೆ ಹೊರಡುವ ಮೊದಲು, ಯಾರೂ ಕರೆಯದಿದ್ದರೂ, ಅಟ್ಟೂರಿಗೆ ಹೋದೆ. ಒಳಗೆ ಚೀಲಗಳು ಕಟ್ಟಿದ್ದವು. ಕೂಸಿನ ನೆಗಡಿ ಪೂರ್ತಿ ಇಳಿದಿತ್ತು. ಅಪ್ಪನೂ ಮನೆಯಲ್ಲಿದ್ದರು, ನನ್ನನ್ನು ಕಂಡು ಮುಜುಗರದಿಂದ ಎದ್ದು ನಿಂತರು. ಆಯಿ ಮುಖ ತಿರುಗಿಸಿದರು.

“ಆಯಿ, ಜಗಳ ಆಡೋಕೆ ಬಂದಿಲ್ಲ. ನಿಮ್ಮ ಜೋಗುಳ ಕೇಳೋಣ ಅಂತ ಬಂದೆ. ಮಗು ಮಲಗೋ ಹೊತ್ತಲ್ವಾ? ಒಂದ್ಸಲ ಹಾಡಿ. ಆದ್ರೆ ಎತ್ಕೋಬೇಡಿ, ಹಿಂದೆ ಕೂತು ಹಾಡಿ. ಮಗು ತಿರುಗಿದ್ರೆ ಸಾಕು, ನಾನು ಇನ್ನೊಂದು ಮಾತಾಡಲ್ಲ. ನೀವು ಆರಾಮಾಗಿ ಊರಿಗೆ ಹೋಗಿಬನ್ನಿ.”

“ತಿರಗ್ತೈತಿ, ಯಾಕ್ ತಿರಗೂದಿಲ್ಲ” ಎಂದು ಆಯಿ ಸವಾಲಿಗೆ ಬಿದ್ದವರಂತೆ ಸೆರಗು ಸಿಕ್ಕಿಸಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತರು. ತಾಯಿ ಕೂಸನ್ನು ಅದರ ಬೆನ್ನು ಆ ಕಡೆ ಬರುವಂತೆ ತೊಡೆಯ ಮೇಲೆ ಕೂರಿಸಿಕೊಂಡರು. ಕಿವಿಯಲ್ಲಿ ಹತ್ತಿಯಿಲ್ಲ, ತಲೆಗೆ ಕುಂಚಿಗೆಯಿಲ್ಲ. ಕೂಸು ನಿದ್ದೆಗಣ್ಣಿನಲ್ಲಿ ರಾಗ ಎಳೆಯುತ್ತಿತ್ತು.

ಆಯಿ ಹಾಡಿದರು. ಕೂಸು ತಿರುಗಲಿಲ್ಲ. ಸ್ವಲ್ಪ ದನಿ ಏರಿಸಿದರು. ಕೂಸು ಅಳು ಏರಿಸಿತು. ಆಮೇಲೆ ಆ ಮುದುಕಿ ಕಂಠ ಬಿಟ್ಟು ಹಾಡಿದರು, ಪಕ್ಕದ ಮನೆಯವರು ಬಾಗಿಲು ತೆರೆದು ನೋಡುವಷ್ಟು ಜೋರಾಗಿ. ಅಷ್ಟು ಇಂಪಾದ ಜೋಗುಳವನ್ನು ಅಷ್ಟು ಗಾಬರಿಯಿಂದ ಹಾಡಿದ್ದನ್ನು ನಾನು ಇನ್ನೆಲ್ಲೂ ಕೇಳಿಲ್ಲ. ಕೂಸಿನ ಅಳು ಒಂದು ಕ್ಷಣವೂ ತಡೆಯಲಿಲ್ಲ.

ಆಯಿ ಎದ್ದು ಬಂದು ಕೂಸನ್ನು ಕಿತ್ತುಕೊಂಡು ಎದೆಗೊತ್ತಿಕೊಂಡರು, ಹಾಡು ನಿಲ್ಲಿಸಲಿಲ್ಲ. ಅಳು ಗಪ್ಪನೆ ನಿಂತಿತು. “ನೋಡ್ರಿ! ಈಗ ಕೇಳಿಸ್ತು ನೋಡ್ರಿ!” ಎಂದರು, ಅರ್ಧ ಹಾಡು ಅರ್ಧ ಅಳು.

ನಾನು ಕೂಸಿನ ಕೈ ಕಡೆ ಬೊಟ್ಟು ಮಾಡಿದೆ. ಪುಟ್ಟ ಅಂಗೈ ಆಯಿಯ ಗಂಟಲ ಮೇಲೆ ಅಂಟಿಕೊಂಡಿತ್ತು. “ಸ್ವಲ್ಪ ನಿಲ್ಲಿಸಿ ಆಯಿ” ಎಂದೆ. ಹಾಡು ನಿಂತಿತು. ಕೂಸು ತಲೆ ಎತ್ತಿ ಆ ಗಂಟಲನ್ನು ಬೆರಳಿಂದ ತಟ್ಟಿತು. ಮತ್ತೆ ಹಾಡಿದರು, ಕೂಸು ಕೆನ್ನೆಯನ್ನು ಎದೆಗೆ ಒತ್ತಿತು. ನಿಲ್ಲಿಸಿದರು, ಮತ್ತೆ ತಟ್ಟಿತು.

ಆಯಿ ಕೂಸಿನ ನೆತ್ತಿಗೆ ಮುಖ ಒತ್ತಿಕೊಂಡರು. ಆಮೇಲೆ ಮಗನಿಗೆ, “ಚೀಲ ಬಿಚ್ಚೋ ತಮ್ಮಾ. ಜವಳ ಮುಂದ ಹಾಕೂಣು. ದೇವರೇನು ಸಿಟ್ಟಾಗೂದಿಲ್ಲ, ತಡಕೊಂತಾನ” ಎಂದರು.

ಮುಂದಿನ ವಾರ ಶ್ರವಣ ತಜ್ಞೆಯ ಬಳಿ ಹೋದೆವು. ಮಗು ಗಾಢ ನಿದ್ದೆಯಲ್ಲಿರಬೇಕು. ಹಣೆಗೆ, ಕಿವಿಯ ಹಿಂದೆ ತಂತಿ ಅಂಟಿಸಿ, ಕಿವಿಯೊಳಗೆ ಸದ್ದು ಬಿಟ್ಟು, ನರದಲ್ಲಿ ಅಲೆ ಏಳುತ್ತದೆಯೇ ಎಂದು ಪರದೆಯಲ್ಲಿ ನೋಡುತ್ತಾರೆ. ಮಲಗದಿದ್ದರೆ ಔಷಧ ಕೊಡಬೇಕಾಗುತ್ತದೆ ಎಂದರು. ಔಷಧ ಬೇಕಾಗಲಿಲ್ಲ, ಆಯಿ ಎದೆಗವುಚಿಕೊಂಡು ಹಾಡಿ ಮಲಗಿಸಿದರು. ತಜ್ಞೆ ಸದ್ದು ಏರಿಸುತ್ತ ಹೋದರು. ಪರದೆಯ ಗೆರೆ ಬಹಳ ಹೊತ್ತು ಸಪಾಟಾಗಿಯೇ ಇತ್ತು. ತೀರಾ ಮೇಲಿನ ಮಟ್ಟದಲ್ಲಿ ಸಣ್ಣದೊಂದು ಉಬ್ಬು ಕಂಡಿತು. ಎರಡೂ ಕಿವಿಗೆ ತೀವ್ರ ದೋಷ. ತಾಯಿ ಗಂಡನ ಭುಜಕ್ಕೆ ಒರಗಿ ಅತ್ತರು. ಆಯಿ ಅಳಲಿಲ್ಲ. “ಹಂಗಾರ ಇಷ್ಟ ದಿನ ನಾ ಹಾಡಿದ್ದೆಲ್ಲಾ?” ಎಂದು ನನ್ನನ್ನು ಕೇಳಿದರು.

“ಮೈಯಿಂದ ಕೇಳಿಸ್ಕೊಂಡಿದಾಳೆ ಆಯಿ. ನಿಮ್ಮ ಗಂಟಲಿನ ಅದುರಿಕೇಲೇ ನೀವು ಹಾಡ್ತಿದ್ದೀರಾ ಇಲ್ವಾ ಅಂತ ಅವಳಿಗೆ ಗೊತ್ತಾಗ್ತಿತ್ತಲ್ಲ.”

ನನ್ನ ಕಸರತ್ತೂ ಬದಲಾಯಿತು. ಮೆತ್ತನೆಯ ಕೌದಿ ತೆಗೆಸಿ ಗಟ್ಟಿ ಚಾಪೆ ಹಾಸಿಸಿದೆ, ನೆಲ ಎಲ್ಲಿದೆ ಎಂದು ಅಂಗೈ ಅಂಗಾಲಿಗೆ ತಿಳಿಯಲಿ ಎಂದು. ಕಣ್ಣಿನ ಮಟ್ಟದಲ್ಲಿ ಬಣ್ಣದ ಬಟ್ಟೆ ತೂಗುಬಿಟ್ಟೆ. ಕೂರುವುದನ್ನು ಕಲಿಯುವುದಕ್ಕೆ ಅವಳಿಗೆ ಬೇರೆ ದಾರಿ ಬೇಕಿತ್ತು, ಆ ದಾರಿ ಸಿಕ್ಕಿತು. ಕೈ ಊರಿ ಕೂತಳು, ಆಮೇಲೆ ಕೈ ಬಿಟ್ಟು ಕೂತಳು.

ಶ್ರವಣಯಂತ್ರ ಬಂದಾಗ ಇನ್ನೊಂದು ರಗಳೆ. ಆ ಚುರುಕು ಕೈಗಳು ಅದನ್ನು ಕಿತ್ತು ನೇರ ಬಾಯಿಗಿಡುತ್ತಿದ್ದವು. ಟೇಪು ಹಚ್ಚಿದರೆ ಚರ್ಮ ಕೆಂಪಾಯಿತು. ಕೊನೆಗೆ ಆಯಿಯೇ ಸೂಜಿ ದಾರ ಹಿಡಿದು ಕೂತರು. ಕಿವಿಯ ಜಾಗಕ್ಕೆ ಸೊಳ್ಳೆಪರದೆಯ ಬಟ್ಟೆ ಇಟ್ಟು ಹೊಸ ಕುಂಚಿಗೆ ಹೊಲಿದರು. ಯಂತ್ರ ಅಲ್ಲಾಡಲಿಲ್ಲ, ಸದ್ದಿಗೂ ಅಡ್ಡಿಯಾಗಲಿಲ್ಲ. “ನೀವು ಕುಂಚಿಗಿ ಬ್ಯಾಡ ಅಂದಿದ್ರಿ” ಎಂದು ನನ್ನನ್ನು ಚುಚ್ಚದೆ ಬಿಡಲಿಲ್ಲ. ನಾನು ಎರಡೂ ಕೈ ಮುಗಿದೆ.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. ಮುಂದೆ ಒಳಗಿವಿಗೆ ಸಾಧನ ಕೂರಿಸುವ ಶಸ್ತ್ರಚಿಕಿತ್ಸೆಯಾಯಿತು, ವರ್ಷಗಟ್ಟಲೆ ಮಾತಿನ ಪಾಠವಾಯಿತು. ತಡವಾಗಿ ನಡೆದಳು, ತಡವಾಗಿ ಮಾತಾಡಿದಳು. ಈಗ ಶಾಲೆಗೆ ಹೋಗುತ್ತಾಳೆ, ಆಯಿಯ ಭಾಷೆಯಲ್ಲೇ ನನ್ನನ್ನು ಬಾಯಾರ ಅನ್ನುತ್ತಾಳೆ. ಅಟ್ಟೂರಿನ ಆ ಮನೆಯ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ನನ್ನ ಸ್ಕೂಟರೂ ಹೋಯಿತು. ಆ ದಿನಗಳು ಮತ್ತೆ ಬರಲಿ ಅಂತ ಒಮ್ಮೊಮ್ಮೆ ಆಸೆಯಾಗುತ್ತದೆ, ಆ ಕಷ್ಟದ ಸಮೇತ. ಆದರೆ ವಿಮಾನದ ಸದ್ದು ಕೇಳಿದಾಗ ನನಗೆ ಕಣ್ಣಿಗೆ ಕಟ್ಟುವುದು ಒಂದೇ ಬೆಳಿಗ್ಗೆ.

ಆ ಮೊದಲ ಶ್ರವಣಯಂತ್ರ ಹಾಕಿ ಸ್ವಲ್ಪ ದಿನವಾಗಿತ್ತು. ಇನ್ನೂ ಯಾವ ಸದ್ದಿಗೂ ಕೂಸು ತಿರುಗಿರಲಿಲ್ಲ. ತಾಯಿ ಸೋತು ಹೋಗಿದ್ದರು, ನನಗೂ ಒಳಗೊಳಗೇ ಅಳುಕಿತ್ತು. ಎಳೆಬಿಸಿಲಿಗೆಂದು ಎಲ್ಲರೂ ತಾರಸಿಯ ಮೇಲೆ ಚಾಪೆ ಹಾಕಿ ಕೂತಿದ್ದೆವು. ಪಾಳಿ ಮುಗಿಸಿ ಬಂದ ಅಪ್ಪನೂ ಇದ್ದರು. ಕೂಸು ಯಾರ ಆಸರೆಯೂ ಇಲ್ಲದೆ ನಡುವೆ ಕೂತು ರೊಟ್ಟಿಯ ಚೂರು ಚೀಪುತ್ತಿತ್ತು. ಜಕ್ಕೂರಿನ ಕಡೆಯಿಂದ ವಾಯುಪಡೆಯ ದಪ್ಪ ಹೊಟ್ಟೆಯ ಸರಕು ವಿಮಾನವೊಂದು ತೀರಾ ಕೆಳಗೆ ಗುಡುಗುತ್ತ ಬಂತು. ನಾವೆಲ್ಲ ಎಂದಿನಂತೆ ಬಾಯಿ ಮುಚ್ಚಿದೆವು.

ಕೂಸು ರೊಟ್ಟಿ ಚೀಪುವುದನ್ನು ನಿಲ್ಲಿಸಿತು.

ಕಣ್ಣು ಅಗಲವಾದವು. ರೊಟ್ಟಿ ಕೈಯಿಂದ ಬಿತ್ತು. ಕೆಳದುಟಿ ಉಬ್ಬಿತು, ನಡುಗಿತು, ಆಮೇಲೆ ಅದು ಎರಡೂ ಕೈ ಆಯಿಯ ಕಡೆ ಚಾಚಿ ಕಿಟಾರನೆ ಕಿರುಚಿ ಅಳತೊಡಗಿತು.

“ಅಂಜಿತು! ಬಾಯಾರ, ಅಂಜಿತ್ರೀ ನನ್ನ ಕೂಸು! ಅಂಜಿತು!” ಎಂದು ಆಯಿ ಅದನ್ನು ಬಾಚಿಕೊಂಡು ಕುಣಿದೇಬಿಟ್ಟರು. ಕಣ್ಣಿಂದ ದಳದಳ ನೀರು. ತಾಯಿ ಏನೋ ಕೂಗಿದರು, ಅಪ್ಪ ಏನೋ ಕೂಗಿದರು, ನಾನೂ ಏನೋ ಕೂಗಿದೆ. ಹುಟ್ಟಿದಾಗಿನಿಂದ ವಿಮಾನ ದಾಟುವವರೆಗೆ ಬಾಯಿ ಮುಚ್ಚಿ ಕಾದವಳು ನಾನು. ಅವತ್ತು ಮಾತ್ರ ಯಾರೂ ಕಾಯಲಿಲ್ಲ. ವಿಮಾನ ತಲೆಯ ಮೇಲಿರುವಾಗಲೇ ಎಲ್ಲರೂ ಒಟ್ಟಿಗೆ ಮಾತಾಡಿದೆವು, ಯಾರು ಏನಂದರು ಅನ್ನುವುದು ಯಾರಿಗೂ ಕೇಳಿಸಲಿಲ್ಲ.